ಬೂದವ್ವ ಮತ್ತು ಹಲ್ಲಿನ ಕೋಳಿ

ಒಂದು ಅಂಗಳ. ಅಂಗಳದ ಮೂಲೆಯಲ್ಲಿ ಒಂದು ಬುಟ್ಟಿ. ಬುಟ್ಟಿಯ ಪಕ್ಕದಲ್ಲಿ ಬೂದಿ ಬಣ್ಣದ ಒಂದು ಕೋಳಿ. ಅವಳ ಹೆಸರು ಬೂದವ್ವ.

ಬೂದವ್ವ ಕತ್ತು ಎತ್ತಿ ಆಕಾಶ ನೋಡಿದಳು. ತೆಂಗಿನ ಮರದ ಮೇಲೆ ಒಂದು ಹದ್ದು ಸುತ್ತುತ್ತಿತ್ತು.

"ಕೊಕ್ ಕೊಕ್ ಕೊಕ್! ಹದ್ದು ಬಂತು, ಬುಟ್ಟಿ ಸೇರಿ!"

ಕರಿ ಮರಿ ಬಂತು. ಬಿಳಿ ಮರಿ ಬಂತು. ಪಟ್ಟೆ ಮರಿ ಬಂತು. ಕುಂಟು ಮರಿ ಕುಂಟುತ್ತಾ ಬಂತು. ಚಿಟ್ಟು ಬರಲಿಲ್ಲ.

"ಕೊಕ್ ಕೊಕ್ ಕೊಕ್! ಚಿಟ್ಟೂ, ಎಲ್ಲೋ ಇದ್ದೀಯ?"

ಚಿಟ್ಟು ಜಗಲಿಯ ಮೇಲಿದ್ದ. ಜಗಲಿಯ ಮೇಲೆ ಒಂದು ಚೊಂಬು. ಚೊಂಬಿಗೆ ಒರಗಿಸಿದ ಒಂದು ಮೊಬೈಲ್. ಮೊಬೈಲಿನ ಮುಂದೆ ಮನೆಯ ಮಗು ತೇಜು. ತೇಜುವಿನ ಮುಂದೆ ಮೊಸರನ್ನದ ತಟ್ಟೆ. ತಟ್ಟೆಯ ಪಕ್ಕದಲ್ಲಿ ಚಿಟ್ಟು.

ಬೂದವ್ವ ಜಗಲಿ ಹತ್ತಿದಳು. ಮೊಬೈಲಿನೊಳಗೆ ಇಣುಕಿದಳು. ಇಣುಕಿ, ಎರಡು ಹೆಜ್ಜೆ ಹಿಂದೆ ಸರಿದಳು.

ಒಳಗೆ ಒಂದು ಕೋಳಿ ಕುಣಿಯುತ್ತಿತ್ತು. ಅದರ ಮೈ ಗುಲಾಬಿ. ಅದರ ಕಣ್ಣಿಗೆ ಉದ್ದುದ್ದ ರೆಪ್ಪೆ. ಅದರ ಕಾಲಿಗೆ ಕೆಂಪು ಬೂಟು. ಅದರ ಬಾಯಿ ತುಂಬ ಹಲ್ಲು!

"ಟಿಂಗಿ ಟಿಂಗಿ ಟಿಂ ಟಿಂ ಟಿಂ! ಕೋಳಿ ಕುಣಿತ ಝಿಂ ಝಿಂ ಝಿಂ!"

"ಥೂ, ಕೋಳಿಗೆ ಹಲ್ಲಂತೆ!" ಎಂದಳು ಬೂದವ್ವ. "ಬೂಟು ಹಾಕಿಕೊಂಡು ಮಣ್ಣು ಕೆದಕುವುದು ಹೇಗೆ? ರೆಪ್ಪೆ ಬಡಿದುಕೊಂಡು ಹುಳ ಹುಡುಕುವುದು ಹೇಗೆ? ಜನ್ಮದಲ್ಲಿ ಒಂದು ಮೊಟ್ಟೆ ಇಟ್ಟ ಮುಖವೇ ಇದು? ಚಿಟ್ಟೂ, ನಡಿ."

"ಬರಲ್ಲ" ಎಂದ ಚಿಟ್ಟು. "ಆ ಕೋಳಿ ಎಷ್ಟು ಚಂದ ಕುಣಿಯುತ್ತೆ! ನಿನಗೆ ಕುಣಿಯೋಕೆ ಬರುತ್ತಾ? ಅದು ನಿಂತರೆ ಬರುತ್ತೇನೆ."

ಹೀಗೆ ಹೇಳಿ ಚಿಟ್ಟು ತಟ್ಟೆಯಿಂದ ಒಂದು ಅಗುಳು ಹೆಕ್ಕಿದ. ಇನ್ನೊಂದು ಹೆಕ್ಕಿದ. ಅವನ ಹೊಟ್ಟೆ ನಿಂಬೆಹಣ್ಣಿನಂತೆ ಉಬ್ಬಿತ್ತು. ಉಬ್ಬಿದ ಹೊಟ್ಟೆ ಹೊತ್ತು ಓಡುವುದು ಹೇಗೆ? ಓಡದ ಮರಿಯನ್ನು ಹದ್ದು ಬಿಡುವುದುಂಟೆ?

ಬೂದವ್ವ ಹಲ್ಲಿನ ಕೋಳಿಯನ್ನೇ ಕೇಳಿದಳು.

"ಏ ತಂಗಿ, ಕುಣಿತ ನಿಲ್ಲಿಸು. ನನ್ನ ಮರಿ ಬರಬೇಕು."

"ಹಾಯ್ ಪುಟಾಣಿ! ನಿನ್ನ ಹೆಸರೇನು?" ಎಂದಿತು ಹಲ್ಲಿನ ಕೋಳಿ.

ಬೂದವ್ವ ಕೊಕ್ಕು ತೆರೆದಳು. ಅಷ್ಟರಲ್ಲಿ ಅದು, "ಶಭಾಷ್! ಎಷ್ಟು ಚಂದದ ಹೆಸರು!" ಎಂದಿತು.

"ನಾನಿನ್ನೂ ಹೇಳೇ ಇಲ್ಲವಲ್ಲೇ!"

"ಸೂಪರ್! ಎಲ್ಲರೂ ಚಪ್ಪಾಳೆ!"

"ಹದ್ದು ಬಂದಿದೆ ಕಣೇ!"

"ಸೂಪರ್! ಎಲ್ಲರೂ ಚಪ್ಪಾಳೆ!"

"ಇದಕ್ಕೆ ಬಾಯಿ ತುಂಬ ಹಲ್ಲಿದೆ, ಕಿವಿ ಇಲ್ಲ" ಎಂದಳು ಬೂದವ್ವ.

ಆಗ ಮೊಬೈಲೇ ಮಾತಾಡಿತು. "ನಾನು ನಿಲ್ಲಲ್ಲ. ತೇಜು ನೋಡುತ್ತಾನೆ, ನಾನು ಕುಣಿಸುತ್ತೇನೆ. ಕೋಳಿ ಮುಗಿದರೆ ನೀಲಿ ಆನೆ. ನೀಲಿ ಆನೆ ಮುಗಿದರೆ ಚಡ್ಡಿ ಹಾಕಿದ ಕರಡಿ. ಕರಡಿ ಮುಗಿದರೆ ಮತ್ತೆ ಕೋಳಿ. ತೇಜು ನನ್ನ ಮೇಲಿಂದ ಕಣ್ಣು ತೆಗೆದರೆ ಆಮೇಲೆ ನೋಡೋಣ."

ಬೂದವ್ವ ತೇಜುವಿನ ಹತ್ತಿರ ಹೋದಳು.

"ತೇಜೂ, ತೇಜೂ, ಕಣ್ಣು ತೆಗಿ. ಮೊಬೈಲ್ ನಿಲ್ಲಲ್ಲ, ಚಿಟ್ಟು ಬರಲ್ಲ, ಮೇಲೆ ಹದ್ದು ಬಿಡಲ್ಲ."

ತೇಜುವಿನ ಬಾಯಿ ತೆರೆದಿತ್ತು. ಮುಷ್ಟಿಯಲ್ಲಿ ಒಂದು ತುತ್ತು ಇತ್ತು. ತುತ್ತು ಬಾಯಿಗೆ ಹೋಗುತ್ತಿರಲಿಲ್ಲ. ಬೆರಳ ಸಂದಿಯಿಂದ ಅಗುಳು ಬೀಳುತ್ತಿತ್ತು. ಬಿದ್ದ ಅಗುಳನ್ನು ಚಿಟ್ಟು ಹೆಕ್ಕುತ್ತಿದ್ದ.

"ಊಹೂಂ" ಎಂದ ತೇಜು. "ಕಣ್ಣು ತೆಗೆಯಲ್ಲ. ಅಮ್ಮ ಇಟ್ಟಿದ್ದು. ಅಮ್ಮ ಬಂದು ತೆಗೀಲಿ."

ತಲೆ ಮಾತ್ರ ತಿರುಗಿಸಲಿಲ್ಲ.

ಬೂದವ್ವ ಜಗಲಿ ಇಳಿದಳು. ಅಂಗಳದ ಆ ಕಡೆ ತೇಜುವಿನ ಅಮ್ಮ ಮಂಗಳಾ ಕೂತಿದ್ದಳು. ಮುಂದೆ ಮಂಚ. ಮಂಚದ ಮೇಲೆ ಹಳೆ ಸೀರೆ. ಸೀರೆಯ ಮೇಲೆ ಆಗತಾನೇ ಒತ್ತಿದ ಹಸಿ ಶಾವಿಗೆ. ಮಂಗಳಾಳ ಕೈಯಲ್ಲಿ ಕಾಗೆ ಓಡಿಸುವ ಕೋಲು.

"ಮಂಗಳಮ್ಮಾ, ಮಂಗಳಮ್ಮಾ, ಸ್ವಲ್ಪ ಏಳು. ತೇಜು ಕಣ್ಣು ತೆಗೆಯಲ್ಲ, ಮೊಬೈಲ್ ನಿಲ್ಲಲ್ಲ, ಚಿಟ್ಟು ಬರಲ್ಲ, ಮೇಲೆ ಹದ್ದು ಬಿಡಲ್ಲ."

"ಶ್ಶೂ! ಶಾವಿಗೆಗೆ ಬಾಯಿ ಹಾಕೋಕೆ ಬಂದ್ಯಾ?"

"ನಿನ್ನ ಶಾವಿಗೆ ಯಾರಿಗೆ ಬೇಕು? ನನಗೆ ನನ್ನ ಮರಿ ಬೇಕು."

"ನಾನು ಏಳಲ್ಲ" ಎಂದಳು ಮಂಗಳಾ. "ಶಾವಿಗೆ ಒಣಗಿಲ್ಲ. ನಾನೆದ್ದರೆ ಕಾಗೆ ಕೂರುತ್ತೆ. ಮೊಬೈಲ್ ಇಟ್ಟರೆ ನನ್ನ ಮಗ ತಾನಾಗಿ ಉಣ್ಣುತ್ತಾನೆ. ಹೋಗಿ ನೋಡಿದರೆ ತಟ್ಟೆ ಖಾಲಿ. ಆ ಗುಲಾಬಿ ಕೋಳಿ ಪುಣ್ಯಾತ್ಗಿತ್ತಿ, ನನ್ನ ಮಗನಿಗೆ ಉಣಿಸುತ್ತೆ."

"ಉಣ್ಣುವವನು ನಿನ್ನ ಮಗ ಅಲ್ಲ ಕಣಮ್ಮ, ನನ್ನ ಮಗ. ನಿನ್ನ ಮಗನ ಹೊಟ್ಟೆ ನೋಡು, ನನ್ನ ಮಗನ ಹೊಟ್ಟೆ ನೋಡು."

"ಹೋಗೇ! ಕೋಳಿ ಮಾತು ಕೇಳಿ ಮಗು ಸಾಕಬೇಕಾ ನಾನು?"

"ಆ ಕೋಳಿಯ ಮಾತು ಕೇಳಿಕೊಂಡು ತಾನೇ ಸಾಕುತ್ತಿರುವುದು!" ಎಂದಳು ಬೂದವ್ವ. ಕೋಲು ಮೇಲೆದ್ದಿತು. ಬೂದವ್ವ ಮಂಚದ ಕೆಳಗೆ ನುಸುಳಿದಳು. ಅಲ್ಲಿಂದಲೇ ಶಾವಿಗೆಯನ್ನು ಕರೆದಳು.

"ಶಾವಿಗೇ, ಶಾವಿಗೇ, ಬೇಗ ಒಣಗು. ಮಂಗಳಾ ಏಳಲ್ಲ, ತೇಜು ಕಣ್ಣು ತೆಗೆಯಲ್ಲ, ಮೊಬೈಲ್ ನಿಲ್ಲಲ್ಲ, ಚಿಟ್ಟು ಬರಲ್ಲ, ಮೇಲೆ ಹದ್ದು ಬಿಡಲ್ಲ."

ಶಾವಿಗೆ ಒದ್ದೆ ದಾರದ ಹಾಗೆ ಬಿದ್ದುಕೊಂಡಿತ್ತು. "ನಾನು ಒಣಗಲ್ಲ. ಬಿಸಿಲು ಬಂದಿಲ್ಲ. ಒಣಗು ಒಣಗು ಅಂದರೆ ಒಣಗೋಕೆ ನಾನೇನು ನಿನ್ನ ಪುಕ್ಕವೇ? ಬಿಸಿಲಿಗೆ ಹೇಳು."

ಬೂದವ್ವ ಹುಲ್ಲಿನ ಬಣವೆ ಹತ್ತಿದಳು. ಹದ್ದು ಈಗ ತೆಂಗಿನ ಮರಕ್ಕಿಂತ ಕೆಳಗೆ, ಕರೆಂಟ್ ಕಂಬದ ಎತ್ತರಕ್ಕೆ ಸುತ್ತುತ್ತಿತ್ತು.

"ಬಿಸಿಲೇ, ಬಿಸಿಲೇ, ಅಂಗಳಕ್ಕೆ ಬಾ. ಶಾವಿಗೆ ಒಣಗಲ್ಲ, ಮಂಗಳಾ ಏಳಲ್ಲ, ತೇಜು ಕಣ್ಣು ತೆಗೆಯಲ್ಲ, ಮೊಬೈಲ್ ನಿಲ್ಲಲ್ಲ, ಚಿಟ್ಟು ಬರಲ್ಲ, ಮೇಲೆ ಹದ್ದು ಬಿಡಲ್ಲ."

"ನಾನು ಬರಲ್ಲ" ಎಂದಿತು ಬಿಸಿಲು, ಬಹಳ ದೂರದಿಂದ. "ಮೋಡ ಅಡ್ಡ ಕೂತಿದೆ. ಬಾಗಿಲಲ್ಲಿ ಎಮ್ಮೆ ಮಲಗಿದರೆ ಮನೆಯವರು ಹೊರಗೆ ಬರುವುದು ಹೇಗೆ? ಮೋಡಕ್ಕೆ ಹೇಳು."

ಮೋಡ ಎಮ್ಮೆಯ ಹಾಗೇ ಮಲಗಿತ್ತು. ಕಪ್ಪಗೆ, ದಪ್ಪಗೆ, ಅಲುಗದೆ.

"ಮೋಡವೇ, ಮೋಡವೇ, ಎದ್ದು ಆಚೆ ಹೋಗು. ಬಿಸಿಲು ಬರಲ್ಲ, ಶಾವಿಗೆ ಒಣಗಲ್ಲ, ಮಂಗಳಾ ಏಳಲ್ಲ, ತೇಜು ಕಣ್ಣು ತೆಗೆಯಲ್ಲ, ಮೊಬೈಲ್ ನಿಲ್ಲಲ್ಲ, ಚಿಟ್ಟು ಬರಲ್ಲ, ಮೇಲೆ ಹದ್ದು ಬಿಡಲ್ಲ."

"ಸ್ವಲ್ಪ ಸುಮ್ಮನಿರು" ಎಂದಿತು ಮೋಡ. "ಇಲ್ಲಿಂದ ನನಗೂ ಕಾಣುತ್ತೆ. ಈಗ ನೀಲಿ ಆನೆ ಬರುತ್ತೆ."

"ನಿನಗೂ ಹಿಡಿಯಿತಾ ಹುಚ್ಚು! ಮಳೆ ಸುರಿಸುವ ಯೋಗ್ಯತೆ ಇಲ್ಲ, ಆನೆ ನೋಡುವುದಕ್ಕೆ ಕೂತಿದ್ದೀಯ. ಏಳು ಮೇಲೆ!"

"ನಾನು ಏಳಲ್ಲ. ಗಾಳಿ ದಬ್ಬಿಲ್ಲ. ದಬ್ಬದೆ ಎದ್ದ ಮೋಡ ಎಲ್ಲಾದರೂ ಉಂಟಾ? ಗಾಳಿಗೆ ಹೇಳು."

ಬೂದವ್ವ ಬಣವೆ ಇಳಿದಳು. ಹುಣಸೆ ಮರದ ಬುಡಕ್ಕೆ ಓಡಿದಳು. ಹುಣಸೆ ಮರದ ಪೊಟರೆಯಲ್ಲಿ ಗಾಳಿ ಮುದುಡಿ ಮಲಗಿತ್ತು. ಒಂದು ಎಲೆಯೂ ಅಲ್ಲಾಡುತ್ತಿರಲಿಲ್ಲ.

"ಗಾಳೀ, ಗಾಳೀ, ಎದ್ದು ಬೀಸು. ಮೋಡ ಏಳಲ್ಲ, ಬಿಸಿಲು ಬರಲ್ಲ, ಶಾವಿಗೆ ಒಣಗಲ್ಲ, ಮಂಗಳಾ ಏಳಲ್ಲ, ತೇಜು ಕಣ್ಣು ತೆಗೆಯಲ್ಲ, ಮೊಬೈಲ್ ನಿಲ್ಲಲ್ಲ, ಚಿಟ್ಟು ಬರಲ್ಲ, ಮೇಲೆ ಹದ್ದು ಬಿಡಲ್ಲ."

"ನಾನು ಬೀಸಲ್ಲ" ಎಂದಿತು ಗಾಳಿ. "ಯಾರೂ ಕರೆದಿಲ್ಲ. ಹಿಂದೆ ಕಣದಲ್ಲಿ ರಾಗಿ ತೂರುವಾಗ ಕರೆಯುತ್ತಿದ್ದರು. ಮೊರ ಎತ್ತಿ, ಬಾಯಿ ತುಂಬ ಕರೆಯುತ್ತಿದ್ದರು. ನಾನು ಬರುತ್ತಿದ್ದೆ, ಹೊಟ್ಟು ಹಾರಿಸುತ್ತಿದ್ದೆ. ಈಗ ಯಂತ್ರ ತೂರುತ್ತೆ. ಕರೆಯದ ಮನೆಗೆ ಹೋಗೋಕೆ ನಾನೇನು ನೊಣವೇ?"

"ಯಾರು ಕರೆಯುತ್ತಿದ್ದರು?"

"ದೊಡ್ಡತಾಯಜ್ಜಿ. ಅವಳಿಗೆ ಹೇಳು."

ದೊಡ್ಡತಾಯಜ್ಜಿ ಮಂಗಳಾಳ ಅತ್ತೆ. ತೇಜುವಿನ ಅಜ್ಜಿ. ಅವಳು ಹಿತ್ತಿಲಲ್ಲಿ ಕೂತು ಹುರುಳಿಕಾಳಿನಲ್ಲಿ ಕಲ್ಲು ಆರಿಸುತ್ತಿದ್ದಳು. ಬೂದವ್ವ ಅವಳ ಮುಂದೆ ನಿಂತು ಉಸಿರು ಬಿಟ್ಟಳು.

"ಅಜ್ಜೀ, ಅಜ್ಜೀ, ಗಾಳಿಯನ್ನು ಕರಿ. ಗಾಳಿ ಬೀಸಲ್ಲ, ಮೋಡ ಏಳಲ್ಲ, ಬಿಸಿಲು ಬರಲ್ಲ, ಶಾವಿಗೆ ಒಣಗಲ್ಲ, ಮಂಗಳಾ ಏಳಲ್ಲ, ತೇಜು ಕಣ್ಣು ತೆಗೆಯಲ್ಲ, ಮೊಬೈಲ್ ನಿಲ್ಲಲ್ಲ, ಚಿಟ್ಟು ಬರಲ್ಲ, ಮೇಲೆ ಹದ್ದು ಬಿಡಲ್ಲ."

"ನಾನು ಕರೆಯಲ್ಲ" ಎಂದಳು ಅಜ್ಜಿ. "ಈ ಮನೆಯಲ್ಲಿ ಬಾಯಿ ಇರುವುದು ಆ ಗುಲಾಬಿ ಮೂದೇವಿಗೆ ಒಂದಕ್ಕೇ. ನಾನು ಮೊಮ್ಮಗನ ಹತ್ತಿರ ಹೋದರೆ, 'ಅಜ್ಜಿ, ಅಡ್ಡ ಬರಬೇಡ' ಅನ್ನುತ್ತಾನೆ. ಅದನ್ನೇ ಕೇಳು, ಗಾಳಿಯನ್ನೂ ಅದೇ ಕರೀಲಿ."

"ಅದು ಏನು ಕರೆಯುತ್ತೆ, ಮಣ್ಣು! ಅದಕ್ಕೆ ಬರುವುದು ಟಿಂ ಟಿಂ ಒಂದೇ. ಅಜ್ಜೀ, ನನ್ನ ಮರಿ ಹೋಗುತ್ತೆ. ನೀನೇ ಕರಿ."

ಅಜ್ಜಿ ಒಂದು ಕಲ್ಲು ಆರಿಸಿ ಎಸೆದಳು. ಮೆಲ್ಲಗೆ ಹೇಳಿದಳು.

"ಗಾಳಿಯನ್ನು ಒಬ್ಬರೇ ಕರೆಯೋಕೆ ಆಗಲ್ಲ ಕಣೇ. ಒಬ್ಬರು ಕರೀಬೇಕು, ಒಬ್ಬರು ಓಗೊಡಬೇಕು. ನಾನು ಕರೀತಿದ್ದೆ. ನಮ್ಮೆಜಮಾನರು ಕಣದ ಆ ಕೊನೆಯಲ್ಲಿ ನಿಂತು 'ಓ' ಅನ್ನುತ್ತಿದ್ದರು. ಆಗ ಗಾಳಿ ಬರುತ್ತಿತ್ತು. ಅವರು ಹೋದರು. ಈಗ ನಾನು ಕರೆದರೆ 'ಓ' ಅನ್ನುವವರು ಯಾರು?"

ಬೂದವ್ವ ಅಷ್ಟು ಹೊತ್ತು ಎಲ್ಲರನ್ನೂ ಬೈದಿದ್ದಳು. ಈಗ ಬೈಯಲಿಲ್ಲ. ಒಂದು ಕಾಲು ಮಡಚಿ ನಿಂತಳು.

"ನಾನು ಅನ್ನುತ್ತೇನೆ" ಎಂದಳು ಬೂದವ್ವ.

"ನೀನಾ? ಕೋಳಿ ಓಗೊಟ್ಟರೆ ಗಾಳಿ ಬರುತ್ತಾ?"

"ಕರೆದು ನೋಡು."

ಅಜ್ಜಿ ಮೊರ ಹಿಡಿದು ಎದ್ದಳು. ಸೊಂಟದ ಮೇಲೆ ಕೈ ಇಟ್ಟಳು. ಬೂದವ್ವ ಹಿತ್ತಿಲ ಆ ಕೊನೆಗೆ ಓಡಿ ನಿಂತಳು.

"ಬಾರೋ ಗಾಳೀ... ಕಣಕ್ಕೆ ಬಾರೋ ಗಾಳೀ..."

"ಕೊಕ್ಕೋ... ಓ!"

ಎಲೆ ಅಲುಗಲಿಲ್ಲ.

ಅಜ್ಜಿ ಮೊರ ಮೇಲೆತ್ತಿದಳು. ಅವಳ ದನಿ ಮನೆ ದಾಟಿತು. ಅಂಗಳ ದಾಟಿತು.

"ಬಾರೋ ಗಾಳೀ... ಮೂಡಲಿಂದ ಬಾರೋ ಗಾಳೀ..."

"ಕೊಕ್ಕೋ... ಓ!"

ಹುಣಸೆ ಮರದ ಒಂದು ಎಲೆ ಅಲುಗಿತು. ಒಂದು ಕೊಂಬೆ ಅಲುಗಿತು. ಇಡೀ ಮರ ಅಲುಗಿತು.

"ಕರೆದರು! ಓಗೊಟ್ಟರು!" ಎಂದು ಗಾಳಿ ಪೊಟರೆಯಿಂದ ಹೊರಟಿತು.

ಅಜ್ಜಿ ಕರೆದಳು, ಗಾಳಿ ಬೀಸಿತು. ಗಾಳಿ ಬೀಸಿತು, ಮೋಡ ಎದ್ದಿತು. "ಆನೆ ಇನ್ನೂ ಬಂದಿಲ್ಲ, ಆನೆ ಇನ್ನೂ ಬಂದಿಲ್ಲ" ಎನ್ನುತ್ತಲೇ ಎದ್ದಿತು. ಮೋಡ ಎದ್ದಿತು, ಬಿಸಿಲು ಬಂತು. ಬಿಸಿಲು ಬಂತು, ಶಾವಿಗೆ ಒಣಗಿತು. ಮೇಲಿನ ಎಳೆ ಒಣಗಿತು, ಕೆಳಗಿನ ಎಳೆ ಒಣಗಿತು, ಗಲಗಲ ಸದ್ದು ಬಂತು. ಶಾವಿಗೆ ಒಣಗಿತು, ಮಂಗಳಾ ಎದ್ದಳು. ಸೀರೆಯ ನಾಲ್ಕು ಮೂಲೆ ಹಿಡಿದು ಗಂಟು ಕಟ್ಟಿದಳು. ಗಂಟನ್ನು ಒಳಗಿಟ್ಟು ಜಗಲಿಗೆ ಬಂದಳು.

ಮಂಗಳಾ ತಟ್ಟೆ ನೋಡಿದಳು. ತಟ್ಟೆ ಖಾಲಿ. ಖಾಲಿ ತಟ್ಟೆಯ ನಡುವೆ ಚಿಟ್ಟು ನಿಂತಿದ್ದ. ಅವನ ಕೊಕ್ಕಿಗೆ ಮೊಸರು. ಅವನ ಎರಡೂ ಕಾಲಿಗೆ ಮೊಸರು.

ಮಂಗಳಾ ತೇಜುವಿನ ಮುಷ್ಟಿ ಬಿಡಿಸಿದಳು. ಮುಷ್ಟಿಯಲ್ಲಿ ಒಣಗಿದ ತುತ್ತು ಹಾಗೇ ಇತ್ತು. ಹೊಟ್ಟೆ ಮುಟ್ಟಿ ನೋಡಿದಳು. ಹೊಟ್ಟೆ ಬೆನ್ನಿಗೆ ಅಂಟಿತ್ತು.

"ಅಯ್ಯೋ! ಇಷ್ಟು ದಿನ ಉಂಡದ್ದು ಈ ಕೋಳಿಮರಿಯಾ?"

"ಶಭಾಷ್! ಎಲ್ಲರೂ ಚಪ್ಪಾಳೆ!" ಎಂದಿತು ಹಲ್ಲಿನ ಕೋಳಿ.

"ನಿನ್ನ ಚಪ್ಪಾಳೆಗೆ ಬೆಂಕಿ ಹಾಕ!" ಎಂದು ಮಂಗಳಾ ತನ್ನ ಅಂಗೈಯಿಂದ ತೇಜುವಿನ ಕಣ್ಣು ಮುಚ್ಚಿದಳು.

ತೇಜುವಿನ ಕಣ್ಣು ತಪ್ಪಿತು, ಮೊಬೈಲ್ ನಿಂತಿತು. ಮೊಬೈಲ್ ನಿಂತಿತು, ಹಲ್ಲಿನ ಕೋಳಿ ಇಲ್ಲ, ನೀಲಿ ಆನೆ ಇಲ್ಲ, ಚಡ್ಡಿ ಕರಡಿ ಇಲ್ಲ. ಕರಿ ಗಾಜು ಮಾತ್ರ.

ತೇಜು ಬಾಯಿ ಬಿಟ್ಟು ಅತ್ತ. ಕಾಲು ಬಡಿದ. ಕೈ ಬಡಿದ. ಅತ್ತು ಅತ್ತು, ನಡುವೆ ಒಂದು ಮಾತು ಹೇಳಿದ.

"ಹಸಿವು!"

ಮಂಗಳಾ ಅವನನ್ನು ಎತ್ತಿಕೊಂಡು ಒಳಗೆ ಓಡಿದಳು.

ಜಗಲಿಯ ಮೇಲೆ ಚಿಟ್ಟು ಒಬ್ಬನೇ ಉಳಿದ. "ಎಲ್ಲಿ ಹೋದೆ?" ಎಂದು ಕರಿ ಗಾಜಿನೊಳಗೆ ಇಣುಕಿದ. ಗಾಜಿನೊಳಗೆ ಒಂದು ದಪ್ಪ ಮರಿ ಕಂಡಿತು. ದಪ್ಪ ಮರಿಯ ಹಿಂದೆ ಆಕಾಶ ಕಂಡಿತು. ಆಕಾಶದಲ್ಲಿ ಎರಡು ರೆಕ್ಕೆ ಕಂಡಿತು. ರೆಕ್ಕೆಯ ಕೆಳಗೆ ಉಗುರು ಕಂಡಿತು. ಉಗುರು ದೊಡ್ಡದಾಯಿತು. ಇನ್ನೂ ದೊಡ್ಡದಾಯಿತು.

"ಹಲ್ಲಿನ ಕೋಳೀ, ಹಲ್ಲಿನ ಕೋಳೀ, ಹದ್ದು ಬಂತು!" ಎಂದು ಚಿಟ್ಟು ಗಾಜು ಕುಟ್ಟಿದ.

ಗಾಜು ಏನೂ ಹೇಳಲಿಲ್ಲ. ಹಿತ್ತಿಲಿಂದ ಬೂದವ್ವ ಓಡಿ ಬಂದಳು.

"ಕೊಕ್ ಕೊಕ್ ಕೊಕ್! ಚಿಟ್ಟೂ, ಓಡೋ!"

ಚಿಟ್ಟು ಓಡಿದ. ಹೊಟ್ಟೆ ಮುಂದೆ, ಕಾಲು ಹಿಂದೆ. ಜಗಲಿಯಿಂದ ಉರುಳಿದ. ಎದ್ದ. ಮತ್ತೆ ಬಿದ್ದ. ಹದ್ದಿನ ನೆರಳು ಅವನ ಮೇಲೆ ಬಿತ್ತು.

ಬೂದವ್ವ ನೆಗೆದಳು. ಅವಳ ಮೈಯ ಪುಕ್ಕವೆಲ್ಲ ನೆಟ್ಟಗೆ ನಿಂತಿತ್ತು. ಕೊಕ್ಕಿನಿಂದ ಕುಕ್ಕಿದಳು. ಬರಿಗಾಲಿನ ಉಗುರಿನಿಂದ ಕೆರೆದಳು. "ಬಾರೋ, ಬಾ! ನನ್ನ ಮರಿ ಬೇಕಾ ನಿನಗೆ? ಬಾ!" ಅಂಗಳದ ತುಂಬ ದೂಳು ಎದ್ದಿತು. ದೂಳಿನೊಳಗಿಂದ ಹದ್ದು ಹೊರಗೆ ಬಂತು. ಅದರ ಕಾಲಿನಲ್ಲಿ ಬೂದವ್ವನ ಬಾಲದ ಒಂದು ಗರಿ ಇತ್ತು. ಗರಿ ಮಾತ್ರ ಇತ್ತು.

ಹದ್ದು ಹೋಯಿತು, ಚಿಟ್ಟು ಬಂದ.

ಬೂದವ್ವ ಮೊದಲು ಅವನ ನೆತ್ತಿಗೆ ಒಂದು ಕುಕ್ಕು ಕೊಟ್ಟಳು. ಆಮೇಲೆ ರೆಕ್ಕೆ ಎತ್ತಿದಳು. ಚಿಟ್ಟು ರೆಕ್ಕೆಯ ಕೆಳಗೆ ನುಗ್ಗಿದ. ಅಲ್ಲಿ ಕತ್ತಲೆ ಇತ್ತು. ಬಣ್ಣ ಇರಲಿಲ್ಲ, ಹಾಡು ಇರಲಿಲ್ಲ. ಬೆಚ್ಚಗೆ ಇತ್ತು. ಕರಿ ಮರಿ, ಬಿಳಿ ಮರಿ, ಪಟ್ಟೆ ಮರಿ, ಕುಂಟು ಮರಿ ಎಲ್ಲವೂ ಬುಟ್ಟಿ ಬಿಟ್ಟು ಬಂದು ಒತ್ತಿ ಒತ್ತಿ ಜಾಗ ಮಾಡಿಕೊಂಡವು.

ಸ್ವಲ್ಪ ಹೊತ್ತಿಗೆ ಪುಕ್ಕದ ನಡುವಿನಿಂದ ಒಂದು ಸಣ್ಣ ಕೊಕ್ಕು ಹೊರಗೆ ಬಂತು.

"ಅವ್ವಾ, ಹದ್ದಿನ ಮುಂದೆ ನೀನು ಎಷ್ಟು ಚೆನ್ನಾಗಿ ಕುಣಿದೆ!"

"ಕುಣಿದೆನಂತೆ!" ಎಂದಳು ಬೂದವ್ವ. "ಬಾಯಿ ಮುಚ್ಚಿ ಮಲಗೋ, ಹೊಟ್ಟೆಬಾಕ."

ಮರಿ ರೆಕ್ಕೆಯೊಳಗೆ. ಕತೆ ಕಿವಿಯೊಳಗೆ. ನೀವಿನ್ನು ಹೊದಿಕೆಯೊಳಗೆ.